ಆಟದೊಳಗಿನ ಉಕ್ಕು

ಕಂಪ್ಯೂಟರ್ ಆಟದ ಬಗ್ಗೆ ವಿಜ್ಞಾನದ ಮೇಷ್ಟ್ರೊಬ್ಬ ಬರೆಯಹೊರಟರೆ ಎರಡು ಬಗೆಯ ಓದುಗರಿಗೆ ಸಿಟ್ಟು ಬರುತ್ತದೆ. ಮಕ್ಕಳು ಓದು ಬಿಟ್ಟು ಪರದೆಯ ಮುಂದೆ ಕೂರುತ್ತಾರೆಂದು ಗೋಳಾಡುವ ತಂದೆತಾಯಿಗಳು ಒಂದು ಬಗೆ. 'ಇವರಿಗೇನು ಗೊತ್ತು ಇದೆಲ್ಲ' ಎನ್ನುವ ಹುಡುಗರು ಇನ್ನೊಂದು ಬಗೆ. ಇಬ್ಬರೂ ಈ ವಾರ ಸ್ವಲ್ಪ ತಾಳಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ತಾಲ್ಲೂಕು ಕೇಂದ್ರದ ಬಸ್‌ ಸ್ಟ್ಯಾಂಡಿನ ಎದುರು ಒಂದು ಸೈಬರ್ ಸೆಂಟರ್ ತೆರೆಯಿತು. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಹೋದವನು ಅಲ್ಲಿ 'ಏಜ್ ಆಫ್ ಎಂಪೈರ್ಸ್' ಎಂಬ ಆಟದ ಎರಡನೆಯ ಕಂತನ್ನು ಕಂಡೆ. 1999ರಲ್ಲಿ ಬಂದ 'ದಿ ಏಜ್ ಆಫ್ ಕಿಂಗ್ಸ್' ಅದು. ಕೈಯಲ್ಲಿ ಮೂರು ಜನ ಹಳ್ಳಿಗರು. ಸುತ್ತ ಕಾಡು, ಕುರಿ, ಚಿನ್ನ, ಕಲ್ಲು. ಮರ ಕಡಿದು, ಹೊಲ ಉತ್ತು, ಊರು ಕಟ್ಟಿ, ನಾಲ್ಕು ಯುಗ ದಾಟಿ ಸಾಮ್ರಾಜ್ಯವಾಗಬೇಕು. ವಿಶ್ವವಿದ್ಯಾಲಯ ಕಟ್ಟಿ 'ಬ್ಯಾಲಿಸ್ಟಿಕ್ಸ್' ಕಲಿತರೆ ಬಿಲ್ಲುಗಾರರು ಓಡುವವನ ಮೇಲಲ್ಲ, ಅವನು ಮುಂದೆ ತಲುಪುವ ಜಾಗಕ್ಕೆ ಬಾಣ ಬಿಡುತ್ತಾರೆ. ಸಾಪೇಕ್ಷ ವೇಗವನ್ನು ನಾನು ಕರಿಹಲಗೆಯ ಮೇಲೆ ಇಷ್ಟು ಚೆನ್ನಾಗಿ ಎಂದೂ ತೋರಿಸಿರಲಿಲ್ಲ.

ಆ ಮೂಲ ಆಟದಲ್ಲಿ 13 ನಾಗರಿಕತೆಗಳಿದ್ದವು. ಫ್ರಾಂಕರು, ಗಾಥರು, ಜಪಾನಿಗಳು, ಮಂಗೋಲರು ಎಲ್ಲ ಇದ್ದರು. ಭಾರತ ಇರಲಿಲ್ಲ! ಯುದ್ಧದ ಆನೆ ಪರ್ಷಿಯನ್ನರ ಪಾಲಾಗಿತ್ತು. ಆ ಆನೆಗಳ ವೇಗ ಹೆಚ್ಚಿಸುವ ವಿದ್ಯೆಗೆ ಬಹಳ ವರ್ಷ 'ಮಹೌಟ್ಸ್' ಎಂದೇ ಹೆಸರಿತ್ತು. ಮಾವುತ ನಮ್ಮವನು, ಸಂಬಳ ಮಾತ್ರ ಅವರದು.

ಇಂಥ ಆಟಗಳಿಗೆ ಆಮೇಲೆ 'ಎಕ್ಸ್‌ಪ್ಯಾನ್ಷನ್' ಎಂಬ ವಿಸ್ತರಣೆಗಳು ಬರುತ್ತವೆ. ಹಳೆಯ ಮನೆಗೆ ಹೊಸ ಪಡಸಾಲೆ ಕಟ್ಟಿದಂತೆ. ಪಡಸಾಲೆ ಚೆಂದವಿದ್ದರೆ ಸಾಲದು, ಹಳೆಯ ಗೋಡೆ ಬಿರುಕು ಬಿಡಬಾರದು. 2000ದಲ್ಲಿ ಬಂದ 'ದಿ ಕಾಂಕರರ್ಸ್' ಈ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಯಿತು. ಅಜ್ಟೆಕ್, ಮಾಯನ್, ಹೂಣ, ಸ್ಪ್ಯಾನಿಷ್, ಕೊರಿಯನ್ ಎಂದು ಐದು ಹೊಸ ಜನ ಬಂದರು. ಆದರೆ ನಾನು ಮೆಚ್ಚಿದ್ದು ಅದನ್ನಲ್ಲ, ಒಂದು ಸಣ್ಣ ಸೌಕರ್ಯವನ್ನು. ಮೂಲ ಆಟದಲ್ಲಿ ಹೊಲದ ಸತ್ವ ಮುಗಿದಾಗಲೆಲ್ಲ ಯುದ್ಧ ಬಿಟ್ಟು ಓಡಿಬಂದು ಮತ್ತೆ ಬಿತ್ತನೆಗೆ ಹೇಳಬೇಕಿತ್ತು. ವಿಸ್ತರಣೆಯಲ್ಲಿ ಗಿರಣಿಯಲ್ಲಿ ಮುಂಗಡ ಹೇಳಿಟ್ಟರೆ ಹೊಲ ತಾನೇ ಬಿತ್ತನೆಯಾಗುತ್ತದೆ. ಮರದ ಕೊಟ್ಟಿಗೆ ಕಟ್ಟಿ ಮುಗಿಸಿದ ಹಳ್ಳಿಗ ಸುಮ್ಮನೆ ನಿಲ್ಲದೆ ತಾನೇ ಮರ ಕಡಿಯಲು ಹೋಗುತ್ತಾನೆ. ರೈತರ ಮನೆಯಲ್ಲಿ ಹುಟ್ಟಿದ ನನಗೆ ಇದು ಬರಿಯ ಸೌಕರ್ಯವಾಗಿ ಕಾಣಲಿಲ್ಲ. ಇದನ್ನು ಆಡಿದ ಮೇಲೆ ಬರಿಯ ಮೂಲ ಆಟಕ್ಕೆ ಮರಳಿದವರನ್ನು ನಾನು ಕಾಣೆ.

ಭಾರತ ಬರಲು ಇನ್ನೂ 13 ವರ್ಷ ಬೇಕಾಯಿತು. ಅಷ್ಟರಲ್ಲಿ ಆಟ ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲಿ ಮುಚ್ಚಿಹೋಗಿತ್ತು. 2013ರ 'ದಿ ಫರ್ಗಾಟನ್' ವಿಸ್ತರಣೆ ಅಭಿಮಾನಿಗಳೇ ಕೂಡಿ ಆರಂಭಿಸಿದ ಕೆಲಸದಿಂದ ಹುಟ್ಟಿದ್ದು. ಅದರಲ್ಲಿ 'ಇಂಡಿಯನ್ಸ್' ಬಂದರು. ರಾಜಸ್ಥಾನದ ಒಂಟೆ, ದಕ್ಷಿಣದ ಆನೆ ಎಲ್ಲ ಒಂದೇ ಹಂಡೆಯಲ್ಲಿ ಬೆಂದಿದ್ದವು. ಯುರೋಪಿನಲ್ಲಿ ಫ್ರಾಂಕರು ಬೇರೆ, ಟ್ಯೂಟನ್ನರು ಬೇರೆ. ಇಷ್ಟು ದೊಡ್ಡ ಉಪಖಂಡಕ್ಕೆ ಮಾತ್ರ ಒಂದೇ ಹೆಸರು.

2022ರ ಏಪ್ರಿಲ್‌ನಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಆ ಹಂಡೆಯನ್ನು ನಾಲ್ಕು ಪಾಲು ಮಾಡಿತು: ಹಿಂದುಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು. 'ಅಪ್ಪಾ, ನಮ್ಮವರೂ ಬಂದರು' ಎಂದು ಮಗ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟ. ಉತ್ತರಪತ್ರಿಕೆ ತಿದ್ದುವುದನ್ನು ಬದಿಗಿಟ್ಟು ಕೂತೆ. ಎದ್ದಾಗ ರಾತ್ರಿ ಒಂದು ಗಂಟೆ.

ಕೆಲಸ ಮಾಡಿದವರು ಓದಿಕೊಂಡಿದ್ದಾರೆಂಬುದು ಬೇಗ ತಿಳಿಯಿತು. ಗುರ್ಜರರು ದನ, ಕುರಿಗಳನ್ನು ಕಡಿಯದೆ ಗಿರಣಿಯೊಳಗೆ ಕಟ್ಟಿಕೊಂಡರೆ ಅಲ್ಲಿಂದ ಆಹಾರ ಸಣ್ಣಗೆ ಬರುತ್ತಲೇ ಇರುತ್ತದೆ. ಹೈನು ಎಂದು ಯಾರೂ ಹೇಳುವುದಿಲ್ಲ, ಆದರೆ ಅರ್ಥವಾಗುತ್ತದೆ. ಕೋಟೆಯ ಬಾಗಿಲು ಒಡೆಯಲು ಯುರೋಪಿನ ಮರದ ದಿಮ್ಮಿಯ ಬದಲು ಕವಚ ತೊಟ್ಟ ಆನೆ. ದ್ರಾವಿಡರ ಕುದುರೆ ಪಡೆ ತೀರ ಬಡವು. ಹುಡುಗರು ಇದನ್ನು ಕೊರತೆ ಎಂದು ಬೈಯುತ್ತಾರೆ. ನನಗೆ ಇದೇ ಇಷ್ಟವಾಯಿತು. ಒಳ್ಳೆಯ ಕುದುರೆ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ, ಅರಬ್ಬರಿಂದ ಹಡಗಿನಲ್ಲಿ ಬರಬೇಕಿತ್ತು. ವಿಜಯನಗರದ ಅರಸರು ಅದಕ್ಕಾಗಿ ಪೋರ್ಚುಗೀಸರಿಗೆ ಎಷ್ಟು ಹೊನ್ನು ಸುರಿದರೆಂಬುದನ್ನು ಚರಿತ್ರೆ ಓದಿದವರು ಬಲ್ಲರು.

ಇನ್ನು ಉಕ್ಕು. ದ್ರಾವಿಡರ ವಿಶೇಷ ವಿದ್ಯೆಗೆ 'ವೂಟ್ಜ್ ಸ್ಟೀಲ್' ಎಂದು ಹೆಸರು. ನಮ್ಮ 'ಉಕ್ಕು' ಎಂಬ ಪದವೇ ಇಂಗ್ಲಿಷರ ಕಿವಿಯಲ್ಲೋ ಅಕ್ಷರ ಜೋಡಿಸುವವನ ಕೈಯಲ್ಲೋ ಕೆಟ್ಟು 'ವೂಟ್ಜ್' ಆಯಿತೆಂದು ಬಲ್ಲವರು ಹೇಳುತ್ತಾರೆ. ಮೆದು ಕಬ್ಬಿಣದ ಜೊತೆ ಕಟ್ಟಿಗೆ ಚೂರು, ಸೊಪ್ಪು ಸೇರಿಸಿ, ಮಣ್ಣಿನ ಮೂಸೆಯ ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಸೊಪ್ಪಿನ ಇಂಗಾಲ ಕಬ್ಬಿಣದೊಳಗೆ ಇಳಿದು, ನೂರಕ್ಕೆ ಸುಮಾರು ಒಂದೂವರೆ ಪಾಲಾಗಿ, ಗಟ್ಟಿ ಉಕ್ಕು ದೊರೆಯುತ್ತಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರಲ್ಲಿ ಲಂಡನ್ನಿನಲ್ಲಿ ಇದೇ ಉಕ್ಕನ್ನು ವಿಶ್ಲೇಷಿಸಿ, ಅಂಥದನ್ನು ತಾನೂ ಮಾಡಲು ಹೆಣಗಿದ.

ಆಟದ ಲೆಕ್ಕ ಸರಳ. ಹೊಡೆತದ ಬಲದಿಂದ ಎದುರಾಳಿಯ ಕವಚವನ್ನು ಕಳೆಯಬೇಕು. ಬಲ 17, ಕವಚ 10 ಎಂದರೆ ಪೆಟ್ಟು 7. ವೂಟ್ಜ್ ಕಲಿತ ಕಾಲಾಳಿಗೆ ಕಳೆಯುವ ಲೆಕ್ಕವೇ ಇಲ್ಲ, ಪೂರ್ತಿ 17. ಒಂದು ಲೋಹ ಇನ್ನೊಂದನ್ನು ಇಲ್ಲವೇ ಇಲ್ಲವೆಂದು ಹಾದುಹೋಗುವುದು ಯಾವ ಭೌತಶಾಸ್ತ್ರದಲ್ಲೂ ಇಲ್ಲ, ಬಿಡಿ. ಆದರೂ ಕ್ಷಮಿಸಿದೆ. ಮೂಲ ಆಟದ ಕೂಡು-ಕಳೆಯುವ ನಿಯಮ ಹಾಗೇ ಇದೆ; ಹೊಸಬರು ಅದರೊಳಗೇ ತಮ್ಮ ಗುಣ ತೋರಬೇಕು. ಕಬ್ಬಿಣದ ಮೈಯ ವೈರಿಯ ಎದುರು ಉಕ್ಕು ಗೆಲ್ಲುತ್ತದೆ, ಕವಚವೇ ಇಲ್ಲದ ಬಡ ಸೈನಿಕನ ಎದುರು ಅದರಿಂದ ಏನೂ ಲಾಭವಿಲ್ಲ. ವಿಸ್ತರಣೆ ಮೂಲಕ್ಕೆ ಸಮನಾಗುವುದು ಹೀಗೆ. ಈ ಭಾಗಕ್ಕೆ ನಾನು ನೂರಕ್ಕೆ ತೊಂಬತ್ತು ಕೊಟ್ಟೆ.

ಉಳಿದ ಹತ್ತು ಕಳೆದದ್ದಕ್ಕೆ ಕಾರಣ ಹೇಳಬೇಕು. ದ್ರಾವಿಡ ಎಂಬ ಹೆಸರಿನ ರಾಜ್ಯ ಎಲ್ಲಿತ್ತು? ಅದು ಭಾಷೆಗಳ ಕುಟುಂಬಕ್ಕೆ 1856ರಲ್ಲಿ ಕಾಲ್ಡ್‌ವೆಲ್ ಪುಸ್ತಕದಿಂದ ನೆಲೆಯಾದ ಹೆಸರು. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಕಾಕತೀಯ, ಚೋಳ, ಚೇರ ಎಲ್ಲರೂ ಮತ್ತೆ ಒಂದೇ ಹಂಡೆಗೆ ಬಿದ್ದರು. ಹಂಡೆ ಸ್ವಲ್ಪ ಚಿಕ್ಕದಾಯಿತು ಅಷ್ಟೆ. ಇವರ ಕಥಾಸರಣಿ ರಾಜೇಂದ್ರ ಚೋಳನದು. ಸಮುದ್ರ ದಾಟಿ 1025ರಲ್ಲಿ ಶ್ರೀವಿಜಯದ ಮೇಲೆ ದಂಡೆತ್ತಿದವನಿಗೆ ಆ ಮರ್ಯಾದೆ ಸಲ್ಲಬೇಕಾದದ್ದೇ. ಆದರೆ ಹಳ್ಳಿಗನ ಮೇಲೆ ಒತ್ತಿದರೆ ಅವನು ತಮಿಳಿನಲ್ಲಿ ಓಗೊಡುತ್ತಾನೆ. ತಮಿಳಿನ ಮೇಲೆ ನನಗೆ ಮುನಿಸಿಲ್ಲ, ಎಂಟು ಶತಮಾನದ ಹಿಂದಿನ ಹೊಯ್ಸಳ ಕಾಲಾಳೂ ಅದನ್ನೇ ಆಡುತ್ತಾನೆಂದರೆ ಮಾತ್ರ ಒಪ್ಪಲಾರೆ. ಫ್ರಾಂಕನ ಬಾಯಲ್ಲಿ ಫ್ರೆಂಚ್ ಹಾಕಲು ಮರೆಯದವರು ಇವರು.

ಹೋದ ತಿಂಗಳು ಹತ್ತನೆಯ ತರಗತಿಯಲ್ಲಿ ಲೋಹಗಳ ಪಾಠ ಮಾಡುವಾಗ ಮೂಸೆಯ ಚಿತ್ರ ಬರೆದು ವೂಟ್ಜ್ ಎಂದೆ. ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ, ಯಾರೂ ತಲೆ ಎತ್ತಿದ್ದಿಲ್ಲ. ಈ ಸಲ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

'ಸಾರ್, ಅದು ಗೇಮಲ್ಲಿ ಇದೆ. ಆರ್ಮರ್ ಲೆಕ್ಕಕ್ಕೇ ಬರಲ್ಲ.'

'ಅದು ಯಾವ ಭಾಷೆಯ ಪದ, ಗೊತ್ತೇನೋ?'

'ತಮಿಳು ಅಲ್ವಾ ಸಾರ್? ಅವರು ಅದೇ ಮಾತಾಡ್ತಾರೆ.'

ಕರಿಹಲಗೆಯ ಮೇಲೆ ದೊಡ್ಡದಾಗಿ 'ಉಕ್ಕು' ಎಂದು ಬರೆದೆ. ಅವನು ಅದನ್ನು ಎರಡು ಸಲ ಓದಿದ. 'ಅಯ್ಯೋ, ಇದಾ?' ಎಂದು ಕೂತುಕೊಂಡ.