ದನಿಗೆ ಪಗಾರ ಎಷ್ಟು?

ಚಿಟಗುಪ್ಪಕ್ಕೆ ಹೋದಾಗೆಲ್ಲ ನಮ್ಮ ಕಾಕಾ ಕೇಳೋದು ಒಂದೇ ಮಾತು: "ಕಂಪ್ಯೂಟರ್ ನೌಕ್ರಿ ಛಲೋ ಅದ. ಪಗಾರ ಎಷ್ಟು?" ಕಾಕಾನನ್ನು ಬೈಯಬೇಡಿ. ಬೆಂಗಳೂರಿನಲ್ಲಿ ಕೂತ ನಾವೂ ಕಂಪ್ಯೂಟರ್ ಕೆಲಸವನ್ನು ತೂಗೋದು ಅದೇ ತಕ್ಕಡಿಯಲ್ಲಿ.

ಉಮಾಶಂಕರ್ ಮಂತ್ರವಾದಿ ಅನ್ನೋ ಹೆಸರು ಕೇಳಿದ್ದೀರಾ? ತಾವೇ ಕಲಿತು, 1990ರ ದಶಕದಿಂದ ಸುತ್ತಲಿನ ದನಿಯನ್ನೆಲ್ಲ ಹಿಡಿಯುವ ಆಂಬಿಸಾನಿಕ್ ಮೈಕುಗಳನ್ನು ಕಟ್ಟಿದವರು. ಹಳೆಯ ರಂಗಸ್ಥಳಗಳಲ್ಲಿ ದನಿ ಹೇಗೆ ಮೊಳಗುತ್ತೆ, ಹೇಗೆ ಕರಗುತ್ತೆ ಅಂತ ಅಳೆದವರು. ಒಡಿಶಾದ ಉದಯಗಿರಿಯ ರಾಣಿ ಗುಂಫಾ ಅವುಗಳಲ್ಲೊಂದು. ಇಂಥ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟರೆ, ಸ್ಟುಡಿಯೋದಲ್ಲಿ ಹಾಡಿದ್ದೂ ಆ ಜಾಗದಲ್ಲೇ ಹಾಡಿದಂತೆ ಕೇಳುತ್ತೆ. 2020ರಲ್ಲಿ ಬರ್ಲಿನ್ನಿನಲ್ಲಿ ಅವರ ಕೆಲಸದ ಸುತ್ತ ಒಂದು ಪ್ರದರ್ಶನವೇ ನಡೆಯಿತು. ಅಷ್ಟರಲ್ಲಿ ಇಪ್ಪತ್ತು ವರ್ಷ ದಾಟಿತ್ತು. ನಿಮ್ಮ ಅಪ್ರೈಸಲ್ ಫಾರ್ಮಿನಲ್ಲಿ ಇದಕ್ಕೆ ಯಾವ ಕಾಲಂ ಇದೆ?

ನಮ್ಮ ಹುಮನಾಬಾದ್ ಕಡೆಯ ಜಲಸಂಗಿ ಗುಡಿಯನ್ನೇ ನೋಡಿ. ಶಾಸನ ಬರೆಯುವ ಶಿಲಾಬಾಲಿಕೆಯ ಫೋಟೋ ಎಲ್ಲರ ಮೊಬೈಲಿನಲ್ಲಿದೆ. ಆ ಗುಡಿಯೊಳಗೆ ಒಂದು ಚಪ್ಪಾಳೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನಮ್ಮಲ್ಲಿ ಯಾರಾದ್ರೂ ಕಿವಿಗೊಟ್ಟಿದ್ದೀವಾ? ಬಿದ್ದ ಕಂಬವನ್ನು ಮತ್ತೆ ನಿಲ್ಲಿಸಬಹುದು. ಆದರೆ ಹಳೆಯ ಗುಡಿಯೊಂದಕ್ಕೆ ಗೋಡೆ ಎಬ್ಬಿಸಿ, ಟೈಲ್ಸ್ ಹಾಸಿದ ಮೇಲೆ, ಅಳೆದಿಡದ ಹಳೆಯ ದನಿಯನ್ನು ಎಲ್ಲಿಂದ ತರ್ತೀರಿ?

ರೆಕಾರ್ಡರ್, ಲ್ಯಾಪ್‌ಟಾಪ್ ಹಿಡ್ಕೊಂಡು ಗುಡಿ ಗುಂಡಾರ ಸುತ್ತೋ ಹುಡುಗಿಯನ್ನು ನೋಡಿ "ಟೈಮ್‌ಪಾಸ್" ಅಂತ ನಗಬೇಡಿ. ಅವಳು ಮಾಡ್ತಿರೋದು ನಾವೆಲ್ಲ ಮಾಡಬೇಕಿದ್ದ ಕೆಲಸ. ಅದಕ್ಕೆ ಪಗಾರ ಇಲ್ಲ ಅಂದ್ರೆ ನಾಚಬೇಕಾದವರು ನಾವು.