‘ರಾಜ್ಯಮಟ್ಟ’ದ ಬ್ಯಾನರ್‌ಗೆ ದೇಣಿಗೆ ಕೊಡುವ ಮುನ್ನ: ಬ್ರಿಜ್ ಎಂಬ ಇಸ್ಪೀಟಾಟ ಕಲಿಸುವ ಲೆಕ್ಕ

ಸುಗ್ಗಿ ಮುಗಿದು ಗದ್ದೆ ಖಾಲಿಯಾಯಿತೆಂದರೆ ನಮ್ಮ ಕಡೆ ಪಂದ್ಯಾವಳಿಗಳ ಹಂಗಾಮು. ದಾಂಡೇಲಿ, ಹಳಿಯಾಳ, ಮುಂಡಗೋಡ ಪೇಟೆ ಇರಲಿ, ಇಂದೂರದಂಥ ಊರಿರಲಿ, ಜೋಯಿಡಾದ ಹಳ್ಳಿ ಇರಲಿ, ಅಂಗಡಿಕಾರರಿಗೆ ಈ ಮಾತು ಹೊಸದಲ್ಲ: ‘ಸಾವಕಾರ್ರ, ಕಬಡ್ಡಿ ಇಟ್ಟೇವ್ರಿ, ಈ ಸಲ ರಾಜ್ಯಮಟ್ಟದ್ದು. ಒಂದ್ ಪಾವತಿ ಹರೀಲೇನ್ರಿ?’ ಸಾವಕಾರ್ರು ಐನೂರೋ ಸಾವಿರವೋ ಕೊಡುತ್ತಾರೆ. ಎರಡು ದಿನ ಮೈಕು, ಲೈಟು, ಕಪ್ಪು, ಸನ್ಮಾನ ಎಲ್ಲ ಆಗುತ್ತದೆ. ಮೂರನೇ ದಿನ ಬ್ಯಾನರ್ ಇಳಿಯುತ್ತದೆ. ಹೋದ ವರ್ಷ ಗೆದ್ದ ತಂಡ ಯಾವುದು, ಎಷ್ಟು ತಂಡ ಬಂದಿದ್ದವು, ಅದನ್ನು ‘ರಾಜ್ಯಮಟ್ಟ’ ಅಂತ ಒಪ್ಪಿದವರು ಯಾರು ಎಂದು ಕೇಳಿದರೆ ಬರೆದಿಟ್ಟ ಒಂದು ಹಾಳೆಯೂ ಸಿಗುವುದು ಅಪರೂಪ.

ಇದು ಬರೀ ನೆನಪಿನ ಪ್ರಶ್ನೆ ಅಲ್ಲ. ಗೆದ್ದ ಹುಡುಗ ಆ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡುತ್ತಾನೆ, ನೌಕರಿಯ ಅರ್ಜಿಗೆ ಲಗತ್ತಿಸುತ್ತಾನೆ. ಅಲ್ಲಿ ಅದಕ್ಕೆ ಬೆಲೆ ಇಲ್ಲ ಅಂತ ಗೊತ್ತಾಗುವುದು ತಡವಾಗಿ.

ಪಂದ್ಯಾವಳಿಗಳ ಪಟ್ಟಿ ಇಟ್ಟುಕೊಳ್ಳುವುದು ಹೇಗೆ, ಅದರಿಂದ ಏನು ಲಾಭ ಎಂದು ತಿಳಿಯಲು ಒಂದು ವಿಚಿತ್ರ ಉದಾಹರಣೆ ಇದೆ. ಅದು ಮೈದಾನದ ಆಟವಲ್ಲ, ಇಸ್ಪೀಟಾಟ. ಹೆಸರು ಕಾಂಟ್ರ್ಯಾಕ್ಟ್ ಬ್ರಿಜ್.

ಒಂದೇ ವಾರದಲ್ಲಿ ಎರಡು ಕಾಯ್ದೆ

2025ರ ಆಗಸ್ಟ್‌ನಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಎರಡು ಕಾಯ್ದೆಗಳಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 18ರಂದು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ, 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆ. ಮೊದಲನೆಯದು ಯಾವ ಕ್ರೀಡಾ ಸಂಸ್ಥೆಗೆ ಮಾನ್ಯತೆ, ಯಾರ ಲೆಕ್ಕಪತ್ರ ಹೇಗಿರಬೇಕು ಎಂದು ನೋಡಲು ರಾಷ್ಟ್ರೀಯ ಕ್ರೀಡಾ ಮಂಡಳಿಯನ್ನು ತರುತ್ತದೆ. ಎರಡನೆಯದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ, ಕೌಶಲ್ಯದ ಆಟವಾದರೂ ಬಿಡುವುದಿಲ್ಲ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ ದಂಡ. ಆಡಿದವರಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ.

ಎರಡನ್ನೂ ಜೋಡಿಸಿ ಓದಿದರೆ ಸರ್ಕಾರದ ಲೆಕ್ಕ ತಿಳಿಯುತ್ತದೆ. ಹಣ ಕಟ್ಟಿ ಆಡುವುದು ಒಂದು ಕಡೆ. ನಿಯಮ, ಸಂಸ್ಥೆ, ದಾಖಲೆ ಇರುವ ಸ್ಪರ್ಧೆ ಇನ್ನೊಂದು ಕಡೆ. ಅದೇ 52 ಎಲೆ ಈ ಎರಡೂ ಕಡೆ ಇರಬಹುದು.

ಅಂದರ್-ಬಾಹರ್ ಬೇರೆ, ಬ್ರಿಜ್ ಬೇರೆ

ಇಸ್ಪೀಟು ಅಂದ ಕೂಡಲೆ ನಮ್ಮ ಓದುಗರಿಗೆ ನೆನಪಾಗುವುದು ಪೊಲೀಸ್ ಸುದ್ದಿ: ಅಂದರ್-ಬಾಹರ್ ಅಡ್ಡೆಗೆ ದಾಳಿ, ಇಷ್ಟು ಮಂದಿ ವಶ, ಇಷ್ಟು ನಗದು ಜಪ್ತಿ. ಅಂದರ್-ಬಾಹರ್‌ನಲ್ಲಿ ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅಷ್ಟೇ. ಆಡುವವನ ತಲೆಗೆ ಅಲ್ಲಿ ಕೆಲಸವಿಲ್ಲ.

ಬ್ರಿಜ್‌ಗೆ ನಾಲ್ವರು ಬೇಕು, ಎದುರುಬದುರು ಕೂತ ಇಬ್ಬರು ಒಂದು ಜೋಡಿ. ತಲಾ 13 ಎಲೆ. ‘ಇಪ್ಪತ್ತೆಂಟು’ ಆಡಿದವರಿಗೆ ಇದರ ಧಾಟಿ ಬೇಗ ಹತ್ತುತ್ತದೆ. ಮೊದಲು ಕೂಗು ನಡೆಯುತ್ತದೆ: ಯಾವ ತುರುಪು, 13 ಸುತ್ತಿನಲ್ಲಿ ಎಷ್ಟು ಸುತ್ತು ಗೆಲ್ಲುತ್ತೇವೆ ಎಂದು. ಕೊನೆಗೆ ನಿಂತ ಕೂಗೇ ಕಾಂಟ್ರ್ಯಾಕ್ಟ್. ಹೇಳಿದಷ್ಟು ಗೆದ್ದರೆ ಅಂಕ, ಸೋತರೆ ಎದುರಾಳಿಗೆ ಅಂಕ. ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಹಡಗು ಪ್ರಯಾಣವೊಂದರಲ್ಲಿ ಇದರ ಅಂಕಪದ್ಧತಿಯನ್ನು ಈ ರೂಪಕ್ಕೆ ತಂದರು.

‘ಒಳ್ಳೆ ಎಲೆ ಬಂದವ ಗೆಲ್ತಾನ, ಅದರಾಗೇನು ಕೌಶಲ್ಯ?’ ಎಂಬ ಪ್ರಶ್ನೆ ಸಹಜ. ಸ್ಪರ್ಧೆಯಲ್ಲಿ ಇದಕ್ಕೊಂದು ಉಪಾಯವಿದೆ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನು ಹಾಗೇ ಪಟ್ಟಿಯೊಳಗೆ ಸೇರಿಸಿ ಮುಂದಿನ ಮೇಜಿಗೆ ಕಳಿಸುತ್ತಾರೆ. ಮೂವತ್ತು ಜೋಡಿ ಇದ್ದರೆ ಅದೇ ಎಲೆಯನ್ನು ಹದಿನೈದು ಮೇಜುಗಳಲ್ಲಿ ಆಡಿಸಬಹುದು. ಅದೇ ಎಲೆ ಹಿಡಿದು ನೀವು ಎಷ್ಟು ಅಂಕ ತಂದಿರಿ, ಮಿಕ್ಕವರು ಎಷ್ಟು ತಂದರು ಎಂದು ಹೋಲಿಸಿ ಸೋಲು-ಗೆಲುವು ತೀರ್ಮಾನ. ಅದೃಷ್ಟದ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ.

ಕೋರ್ಟಿಗೂ ಈ ಮಾತು ಗೊತ್ತಿದೆ. 1967ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲ್ಯದ ಆಟ ಎಂದಿತು. ರಮ್ಮಿಯಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವ ಅದೃಷ್ಟದಂಥದ್ದೇ ಎಂಬುದು ಅದರ ಹೋಲಿಕೆ. ಜೊತೆಗೆ ಒಂದು ಎಚ್ಚರಿಕೆಯೂ ಇತ್ತು: ಹಣ ಕಟ್ಟಿ ಆಡುವ ಆಟದಿಂದ ಕ್ಲಬ್ಬಿನವರೇ ಲಾಭ ಹೊಡೆಯುತ್ತಿದ್ದರೆ ಅಪರಾಧವಾಗಬಹುದು. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ರದ್ದು ಮಾಡಿದಾಗಲೂ ಇದೇ ಕೌಶಲ್ಯ-ಅದೃಷ್ಟದ ಭೇದ ಚರ್ಚೆಯ ನಡುವೆ ಇತ್ತು. ಹಾಗಂತ ‘ನಾವು ಆಡೋದು ಬ್ರಿಜ್’ ಎಂದು ಹೇಳಿ ಕಟ್ಟೆ ಮೇಲೆ ದುಡ್ಡಿಟ್ಟು ಆಡಿದರೆ ಯಾರೂ ಬಿಡುವುದಿಲ್ಲ.

ಬ್ರಿಜ್ ತನ್ನ ಪಟ್ಟಿ ಇಟ್ಟ ರೀತಿ

ಬ್ರಿಜ್‌ಗೆ ಗೌರವ ತಂದುಕೊಟ್ಟದ್ದು ಕೋರ್ಟಿನ ಮಾತೊಂದೇ ಅಲ್ಲ. ದಾಖಲೆ ಇಡುವ ಚಟವೂ ಹೌದು. ಅಮೆರಿಕದ ವಾಂಡರ್‌ಬಿಲ್ಟ್ ಕಪ್ 1928ರಿಂದ, ವಿಶ್ವ ತಂಡ ಸ್ಪರ್ಧೆಯಾದ ಬರ್ಮುಡಾ ಬೌಲ್ 1950ರಿಂದ, ಮಹಿಳೆಯರ ವೆನಿಸ್ ಕಪ್ 1974ರಿಂದ ನಡೆದಿವೆ. ವಿಶ್ವ ಬ್ರಿಜ್ ಫೆಡರೇಷನ್ ಹುಟ್ಟಿದ್ದು 1958ರಲ್ಲಿ. ನಮ್ಮ ದೇಶದಲ್ಲಿ ಚಳಿಗಾಲದ ರಾಷ್ಟ್ರೀಯ ಸ್ಪರ್ಧೆಯ ತಂಡ ವಿಭಾಗಕ್ಕೆ ರುಯಿಯಾ ಟ್ರೋಫಿ, ಬೇಸಿಗೆಯದಕ್ಕೆ ಸಿಂಘಾನಿಯಾ ಟ್ರೋಫಿ. 2015ರಲ್ಲಿ ವಿಶ್ವ ತಂಡ ಚಾಂಪಿಯನ್‌ಷಿಪ್ ನಮ್ಮ ಪಕ್ಕದ ಚೆನ್ನೈನಲ್ಲೇ ನಡೆಯಿತು, ಬರ್ಮುಡಾ ಬೌಲ್ ಪೋಲೆಂಡ್ ಪಾಲಾಯಿತು.

2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಬ್ರಿಜ್ ಮೊದಲ ಸಲ ಸೇರಿತು. ಸೆಪ್ಟೆಂಬರ್ 1ರಂದು 60 ವರ್ಷದ ಪ್ರಣಬ್ ಬರ್ಧನ್, 56 ವರ್ಷದ ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಒಟ್ಟು 16 ಚಿನ್ನ, ಅದರಲ್ಲಿ ಒಂದು ಇಸ್ಪೀಟಿನದು. ಮುಂದಿನ ಹಾಂಗ್‌ಝೌ ಕೂಟದಲ್ಲಿ ಪುರುಷರ ತಂಡ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ಗೆ ಸೋತು ಬೆಳ್ಳಿ ತಂದಿತು.

ಇಂಥ ಪಟ್ಟಿ ಮಾಡುವುದು ಸುಲಭ ಅಂತ ತಿಳಿಯಬೇಡಿ. ತೊಡಕುಗಳು ಮೂರು.

ಒಂದು, ವರ್ಷ. ಹಾಂಗ್‌ಝೌ ಕೂಟದ ಹೆಸರು ‘2022’, ನಡೆದದ್ದು 2023ರಲ್ಲಿ. 2021ನೇ ಸಾಲಿನ ಬರ್ಮುಡಾ ಬೌಲ್ ಕೊರೊನಾದಿಂದ ಮುಂದೆ ಹೋಗಿ 2022ರಲ್ಲಿ ಇಟಲಿಯಲ್ಲಿ ನಡೆಯಿತು. ಹೆಸರಿನ ವರ್ಷ, ನಡೆದ ದಿನಾಂಕ ಎರಡನ್ನೂ ಬರೆಯದಿದ್ದರೆ ಪಟ್ಟಿ ಸುಳ್ಳಾಗುತ್ತದೆ.

ಎರಡು, ಹೆಸರು ಮತ್ತು ವಿಭಾಗ. ಹಿರಿಯರ ವಿಶ್ವ ಸ್ಪರ್ಧೆ ಮೊದಲು ಬರೀ ‘ಸೀನಿಯರ್ ಬೌಲ್’, ಆಮೇಲೆ ಅದರ ಹಿಂದೆ ಡಿ’ಓರ್ಸಿ ಎಂಬ ಹೆಸರು ಸೇರಿತು. ಒಂದೇ ಸ್ಪರ್ಧೆ ಎರಡಾಗಿ ಕಾಣುತ್ತದೆ. ಒಂದೇ ಕೂಟದಲ್ಲಿ ಜೋಡಿ, ತಂಡ, ಮಿಶ್ರ ತಂಡ ಬೇರೆ ಬೇರೆ ಇದ್ದರೆ ‘ಗೆದ್ದರು’ ಅಂತಷ್ಟೇ ಬರೆದರೆ ಸಾಲದು.

ಮೂರು, ಆಮೇಲೆ ಬದಲಾದ ಫಲಿತಾಂಶ. 2013ರಲ್ಲಿ ಬಾಲಿಯಲ್ಲಿ ಹಿರಿಯರ ವಿಭಾಗ ಗೆದ್ದದ್ದು ಜರ್ಮನಿ. ಆ ತಂಡದ ಒಂದು ಜೋಡಿ ಕೆಮ್ಮಿನ ಮೂಲಕ ಒಬ್ಬರಿಗೊಬ್ಬರು ಸಂಜ್ಞೆ ಕೊಡುತ್ತಿತ್ತು ಎಂದು ಸಾಬೀತಾಯಿತು. ಪ್ರಶಸ್ತಿ ಕಿತ್ತು ಅಮೆರಿಕಕ್ಕೆ ಕೊಟ್ಟರು. ಒಳ್ಳೆ ಪಟ್ಟಿಯಲ್ಲಿ ಈ ತಿದ್ದುಪಡಿಯೂ ಕಾಣಬೇಕು, ಮುಚ್ಚಿಡಬಾರದು.

ನಮ್ಮ ಹುಡುಗರಿಗೆ ಇದರಿಂದ ಏನು?

ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಒಂದು ಅಧಿಕೃತ ಆಟಗಳ ಪಟ್ಟಿ ಇದೆ. ಮೊದಲು 43 ಆಟ, 2020ರಲ್ಲಿ ಮಲ್ಲಕಂಬ, ಹಗ್ಗಜಗ್ಗಾಟ ಸೇರಿ 20 ಕೂಡಿಸಿ 63 ಮಾಡಿದರು. ಅದರಲ್ಲಿ ಕಬಡ್ಡಿ, ಕೊಕ್ಕೊ, ಕುಸ್ತಿ ಇರುವಂತೆ ಬ್ರಿಜ್ ಕೂಡ ಇದೆ. ನೇರ ನೇಮಕಾತಿಯ ಕೆಳಹಂತದ ಹುದ್ದೆಗಳಲ್ಲಿ ಶೇ 5ರವರೆಗೆ ಈ ಕೋಟಾದಲ್ಲಿ ತುಂಬಬಹುದು.

ಆದರೆ ಆಟ ಪಟ್ಟಿಯಲ್ಲಿದ್ದರೆ ಸಾಲದು, ಪಂದ್ಯವೂ ಲೆಕ್ಕಕ್ಕೆ ಬರುವಂಥದ್ದಾಗಿರಬೇಕು. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿರಬೇಕು. ಇಲ್ಲವೆ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ, ಶಾಲೆಗಳ ರಾಷ್ಟ್ರೀಯ ಕೂಟದಲ್ಲಿ ಆಡಿರಬೇಕು. ಸರ್ಟಿಫಿಕೇಟಿಗೂ ಗೊತ್ತಾದ ನಮೂನೆ ಇದೆ, ಸಹಿ ಮಾಡಬೇಕಾದವರು ಫೆಡರೇಷನ್ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ವಿಶ್ವವಿದ್ಯಾಲಯದ ಅಥವಾ ಶಿಕ್ಷಣ ಇಲಾಖೆಯ ಅಧಿಕಾರಿ. ಯುವಕ ಮಂಡಳದ ಅಧ್ಯಕ್ಷರ ಸಹಿ ಅಲ್ಲಿ ನಡೆಯದು, ಬ್ಯಾನರ್‌ನಲ್ಲಿ ಏನೇ ಬರೆದಿರಲಿ.

ಈ ದಾರಿ ನಮ್ಮ ಭಾಗಕ್ಕೆ ಅಪರಿಚಿತವಲ್ಲ. ಹಳಿಯಾಳದಲ್ಲಿ ಸರ್ಕಾರದ ಕುಸ್ತಿ ಕ್ರೀಡಾನಿಲಯವಿದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಅವರಲ್ಲಿ ರಾಷ್ಟ್ರಮಟ್ಟಕ್ಕೆ ಏರಿದವರಿದ್ದಾರೆ, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವರಿದ್ದಾರೆ. ಶಾಲಾ ಮಕ್ಕಳಿಗಂತೂ ಏಣಿ ಸ್ಪಷ್ಟ: ವಲಯ, ತಾಲೂಕು, ಶಿರಸಿ ಶೈಕ್ಷಣಿಕ ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ, ರಾಷ್ಟ್ರ. ಊರ ಪಂದ್ಯಾವಳಿ ಈ ಏಣಿಯ ಮೆಟ್ಟಿಲಲ್ಲ. ಅದರ ಉಪಯೋಗ ಬೇರೆ: ಹುಡುಗರಿಗೆ ಅಭ್ಯಾಸ, ಆಯ್ಕೆದಾರರ ಕಣ್ಣಿಗೆ ಬೀಳುವ ಅವಕಾಶ, ಊರಿಗೆ ಎರಡು ದಿನದ ಹಬ್ಬ, ಪೇಟೆಗೆ ಒಂದಿಷ್ಟು ವ್ಯಾಪಾರ. ಇಷ್ಟು ಸಾಕು. ಸುಳ್ಳು ‘ರಾಜ್ಯಮಟ್ಟ’ ಬೇಕಿಲ್ಲ.

ಪಾವತಿ ಹರಿಸುವ ಮುನ್ನ ಕೇಳಬೇಕಾದ್ದು

ದೇಣಿಗೆ ಕೊಡುವ ಕೈಗೆ ಪ್ರಶ್ನೆ ಕೇಳುವ ಹಕ್ಕೂ ಇದೆ. ಇದನ್ನು ಅಪಮಾನ ಅಂತ ಸಂಘಟಕರು ತಿಳಿಯಬೇಕಾಗಿಲ್ಲ. ಐದು ಪ್ರಶ್ನೆ ಸಾಕು:

1. ‘ತಾಲೂಕು’, ‘ಜಿಲ್ಲಾ’, ‘ರಾಜ್ಯ’ ಮಟ್ಟ ಅಂತ ಹಾಕಿದ್ದೀರಲ್ಲ, ಆ ಆಟದ ಸಂಸ್ಥೆಯ ಒಪ್ಪಿಗೆ ಪತ್ರ ಇದೆಯೆ?
2. ಪ್ರವೇಶ ಶುಲ್ಕ ಎಷ್ಟು, ಬಹುಮಾನ ಎಷ್ಟು, ಮೊದಲೇ ಪ್ರಕಟಿಸಿದ್ದೀರಾ? ಪಂದ್ಯದ ಮೇಲೆ ಬೆಟ್ಟಿಂಗ್ ನಡೆಯದಂತೆ ಏನು ವ್ಯವಸ್ಥೆ?
3. ತೀರ್ಪುಗಾರರು ಯಾರು? ತಕರಾರು ಬಂದರೆ ಯಾರ ಮಾತು ಕೊನೆ?
4. ಗಾಯವಾದರೆ ಚಿಕಿತ್ಸೆಗೆ ಯಾರು ಹೊಣೆ?
5. ಹೋದ ವರ್ಷದ ಫಲಿತಾಂಶ, ಜಮಾ-ಖರ್ಚು ಎಲ್ಲಿದೆ?

ಐದನೆಯದಕ್ಕೆ ಉತ್ತರ ಸಿಗುವಂತಾದರೆ ಮಿಕ್ಕ ನಾಲ್ಕೂ ಹಾದಿಗೆ ಬರುತ್ತವೆ. ಅದಕ್ಕೆ ದೊಡ್ಡ ಖರ್ಚಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಗೆರೆ ಹಾಕಿದರಾಯಿತು: ಆಟ, ಪಂದ್ಯಾವಳಿಯ ಹೆಸರು, ಹಳೆಯ ಹೆಸರಿದ್ದರೆ ಅದು, ನಡೆದ ದಿನಾಂಕ, ಜಾಗ, ಸಂಘಟಕರು, ಬಂದ ತಂಡಗಳ ಸಂಖ್ಯೆ, ಮೊದಲ ಮೂರು ಸ್ಥಾನ, ಫೈನಲ್ ಅಂಕ, ಆಮೇಲೆ ಬದಲಾದದ್ದು ಏನಾದರೂ ಇದ್ದರೆ ಅದರ ಕಾರಣ. ಪುಸ್ತಕ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರಲಿ. ವರ್ಷಕ್ಕೊಮ್ಮೆ ನಾಲ್ಕೂ ತಾಲೂಕಿನ ಪುಸ್ತಕಗಳನ್ನು ಕೂಡಿಸಿದರೆ ಒಂದೇ ಭಾನುವಾರ ಮೂರು ಕಡೆ ಕಬಡ್ಡಿ ಇಟ್ಟು ಎಲ್ಲರೂ ತಂಡಕ್ಕಾಗಿ ಪರದಾಡುವುದೂ ತಪ್ಪುತ್ತದೆ, ಒಂದೇ ಅಂಗಡಿಗೆ ವಾರಕ್ಕೆ ಮೂರು ಪಾವತಿ ಪುಸ್ತಕ ಬರುವುದೂ ತಪ್ಪುತ್ತದೆ.

ಇಸ್ಪೀಟು ಆಡುವವರನ್ನು ಊರು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಅಂಥ ಆಟವೇ ನೂರು ವರ್ಷದೊಳಗೆ ಏಷ್ಯನ್ ಗೇಮ್ಸ್‌ಗೂ ನೌಕರಿಯ ಪಟ್ಟಿಗೂ ಬಂದು ನಿಂತಿತು. ಬೆವರು ಸುರಿಸಿ ಮಣ್ಣಿನಲ್ಲಿ ಆಡುವ ನಮ್ಮ ಹುಡುಗರ ಗೆಲುವು ಬ್ಯಾನರ್ ಜೊತೆಗೇ ಇಳಿದುಹೋಗಬಾರದು. ಈ ಹಂಗಾಮಿನ ಮೊದಲ ಪಂದ್ಯದಿಂದಲೇ ಬರೆಯಲು ಶುರು ಮಾಡಬಹುದು.