ಬೈಗುಳಕ್ಕೆ ಕತ್ತರಿ

ಹಳೇಬೀಡು ಇನ್ನೂ ದೋರಸಮುದ್ರವಾಗಿದ್ದಾಗ, ಸುಮಾರು 1245ರಲ್ಲಿ, ಮಲ್ಲಿಕಾರ್ಜುನನೆಂಬ ವಿದ್ವಾಂಸ ಹೊಯ್ಸಳ ದೊರೆ ಸೋಮೇಶ್ವರನಿಗಾಗಿ ‘ಸೂಕ್ತಿಸುಧಾರ್ಣವ’ವನ್ನು ಕಟ್ಟಿದ. ಅದು ಸ್ವಂತ ಕಾವ್ಯವಲ್ಲ, ಹಿಂದಿನ ಕವಿಗಳಿಂದ ಆಯ್ದ ಪದ್ಯಗಳ ಸಂಕಲನ. ಕಥೆಯನ್ನು ಬಿಟ್ಟು ಸಮುದ್ರ, ಪರ್ವತ, ನಗರ, ಚಂದ್ರೋದಯ ಎಂದು ಹದಿನೆಂಟು ವರ್ಣನೆಗಳ ಲೆಕ್ಕದಲ್ಲಿ ಜೋಡಿಸಿದ್ದಾನೆ. ಯಾವ ಪಾತ್ರ ಯಾವ ಸಂಕಟದಲ್ಲಿ ಆ ಚಂದ್ರನನ್ನು ನೋಡಿತು ಎಂಬುದು ಕತ್ತರಿಯ ಆಚೆಗೇ ಉಳಿಯಿತು. ಅದರಿಂದ ಲಾಭವೂ ಆಯಿತೆನ್ನಿ: ಒಂದನೆಯ ಗುಣವರ್ಮನ ‘ಶೂದ್ರಕ’ ಕಳೆದುಹೋದರೂ ಅದರ ಪದ್ಯಗಳು ಇಂಥ ಸಂಕಲನಗಳಲ್ಲಿ ಬದುಕಿದವು.

ಈಗ ಕತ್ತರಿ ಹಿಡಿಯುವವರ ಮುಂದಿರುವ ಸರಕು ಬೇರೆ. ಹುಡುಗಿಯ ಬೆನ್ನು ಹತ್ತುವುದನ್ನೇ ಪ್ರೇಮವೆನ್ನುವ, ಕೈಕೊಟ್ಟವಳನ್ನು ಬಾಯಿಗೆ ಬಂದಂತೆ ಬೈಯುವ ಸಿನಿಮಾ ಹಾಡುಗಳು. ಅವುಗಳ ಸಾಲುಗಳನ್ನು ಅಳಿಸಿ, ಉಳಿದ ಮಾತುಗಳಿಂದಲೇ ಕವಿತೆ ಕಟ್ಟುವ ‘ಫೌಂಡ್ ಪೊಯೆಟ್ರಿ’ ಪದ್ಧತಿಯಿಂದ ವಿಷ ಇಳಿದೀತೆ?

ಮೊದಲು ವಿಷ ಎಲ್ಲಿದೆ ಎಂದು ನೋಡಬೇಕು. ಅರಸೀಕೆರೆ, ಬೇಲೂರು ಸೇರಿದ ಹಳೇ ಮೈಸೂರು ಸೀಮೆಯ ಮದುವೆಗಳಲ್ಲಿ ಹೆಂಗಸರು ಬೀಗರನ್ನು ಜರೆದು ಹಾಡುವ ರೂಢಿಯಿತ್ತು. ಬೀಗಿತ್ತಿಯ ಮೂಗು, ನಡಿಗೆ, ಜಿಪುಣತನ ಯಾವುದನ್ನೂ ಬಿಡುತ್ತಿರಲಿಲ್ಲ. ಅದನ್ನೇ ಬರೆದು ಓದಿದರೆ ಶುದ್ಧ ನಿಂದೆ. ಚಪ್ಪರದಡಿ ಮಾತ್ರ ಅದು ನಗೆ, ಏಕೆಂದರೆ ಬೈಸಿಕೊಂಡ ಕಡೆಯವರು ಎದುರೇ ಕೂತಿರುತ್ತಿದ್ದರು, ತಿರುಗಿಸಿ ಹಾಡುತ್ತಿದ್ದರು. ಸಿನಿಮಾ ಹಾಡಿನ ಹುಡುಗಿಗೆ ಆ ಸರದಿಯೇ ಇಲ್ಲ. ಕಾನೂನಿನ ಮೊರೆ ಹೋಗೋಣವೆಂದರೆ, ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಹಾಡು ಹಾಡಿ ಇತರರಿಗೆ ಕಿರಿಕಿರಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಶಿಕ್ಷೆಯುಂಟು. ಆದರೆ ಒಂದೂ ಅಶ್ಲೀಲ ಪದವಿಲ್ಲದ ಹಾಡು ಹೆಣ್ಣನ್ನು ಹೀನಾಯ ಮಾಡಿದರೆ ಆ ಕಲಮು ಏನು ಮಾಡೀತು?

ಹಾಗಾಗಿ ಬೈಗುಳದ ಹಾಡಿನಿಂದ ‘ಬೆಳದಿಂಗಳು’, ‘ಕಣ್ಣು’, ‘ಮಳೆ’ಗಳನ್ನಷ್ಟೇ ಹೆಕ್ಕಿ ಮುದ್ದಾದ ಕವಿತೆ ಮಾಡುವುದು ಬರೀ ಸುಣ್ಣ ಬಳಿಯುವ ಕೆಲಸ. ಬೇರೆ ರೀತಿಯಲ್ಲಿ ಕತ್ತರಿಸಿ ನೋಡಬಹುದು. ಹುಡುಗಿಗೆ ಹೇಳಿದ ಕ್ರಿಯಾಪದಗಳನ್ನು ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ಅಳಿಸಿದರೆ ಹಾಳೆಯ ಮೇಲೆ ನಿಲ್ಲುವುದು ಹೀಗೆ: ನಿಲ್ಲು, ತಿರುಗು, ನೋಡು, ನಗು, ಒಪ್ಪಿಕೋ. ಮತ್ತೆ: ನಿಲ್ಲು. ರಾಗ ಮುಚ್ಚಿಟ್ಟಿದ್ದ ಅಪ್ಪಣೆಗಳ ಸಾಲು ಬಯಲಾಗುತ್ತದೆ. ಹಾಡಿದವನ ಮಾತಿನಲ್ಲೇ ಅವನಿಗೆ ಕೊಟ್ಟ ಉತ್ತರ ಅದು, ಬೀಗಿತ್ತಿಯ ತಿರುಗು ಹಾಡಿನ ಹಾಗೆ.

ಇದಕ್ಕಿಂತ ಎಷ್ಟೋ ಪಾಲು ಕ್ರೂರವಾದ ಬರಹದ ಮೇಲೆ ಕವಿ ಎಂ. ನೂರ್ಬೆಸೆ ಫಿಲಿಪ್ ಈ ಕೆಲಸ ಮಾಡಿದ್ದಾರೆ. 1781ರಲ್ಲಿ ‘ಜಾಂಗ್’ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ ಗುಲಾಮರನ್ನು ಸಮುದ್ರಕ್ಕೆ ಎಸೆದು, ಸರಕು ನಷ್ಟವೆಂದು ವಿಮೆ ಕೇಳಲಾಯಿತು. ಆ ಮೊಕದ್ದಮೆಯ ವರದಿಯ ಮಾತುಗಳನ್ನೇ ಒಡೆದು, ಚೆಲ್ಲಿ, 2008ರಲ್ಲಿ ಅವರು ‘ಜಾಂಗ್!’ ಪ್ರಕಟಿಸಿದರು. ಆ ಪುಟಗಳು ಓದಲು ಸುಲಭವಲ್ಲ. ವರದಿಯ ತಣ್ಣನೆಯ ಭಾಷೆ ಅಲ್ಲಿ ಸುಂದರವಾಗುವುದಿಲ್ಲ, ತೊದಲುತ್ತದೆ.

ಹಾಡಿನ ಮಾತುಗಳನ್ನೇ ಹೀಗೆ ಮತ್ತೆ ಮುಂದಿಟ್ಟರೆ ಬೈಗುಳಕ್ಕೆ ಇನ್ನಷ್ಟು ಪ್ರಚಾರ ಕೊಟ್ಟಂತಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮೂಲವನ್ನು ಬಚ್ಚಿಟ್ಟರೆ ಕವಿತೆ ಯಾರಿಗೆ ಉತ್ತರ ಕೊಡುತ್ತಿದೆ ಎಂಬುದೇ ತಿಳಿಯದು. ಬೇಲೂರಿನ ಮದನಿಕೆಯರ ಪೀಠದಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರು ಕೊರೆದಿದೆ. ಹೆಕ್ಕಿದ ಕವಿತೆಯ ಅಡಿಯಲ್ಲೂ ಹಾಡು ಬರೆದವರ ಹೆಸರು, ಸಿನಿಮಾ, ವರ್ಷ ಇರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿಯನ್ನು ವಿರೂಪಗೊಳಿಸಿದವರನ್ನು ಪ್ರಶ್ನಿಸುವ ಹಕ್ಕನ್ನು ಕರ್ತೃವಿಗೆ ಕೊಟ್ಟಿದೆ. ಹಾಡು ಬರೆದವರು ಸಿಟ್ಟಾಗಿ ಕೇಳಲು ಬಂದರೆ ಬರಲಿ; ಹುಡುಗಿಗೆ ಸಿಗದಿದ್ದ ಸರದಿ ಅವರಿಗಾದರೂ ಇದೆ.